ಹೊರನಾಡಿನ ಪಂಕ್ತಿಯಲ್ಲಿ ಕಲಿತ ಪಾಠ

ಕಳೆದ ಮಾಘ ಮಾಸದಲ್ಲಿ ನಮ್ಮ ಅತ್ತಿಗೆ ಬಂದು, "ಹೊರನಾಡಿಗೆ ಹೋಗಿ ಬರೋಣ, ಬರ್ತೀಯಾ?" ಎಂದಾಗ ನನಗೆ ಮೊದಲು ನೆನಪಾದದ್ದು ದೇವಿಯಲ್ಲ, ಅಲ್ಲಿನ ಊಟ. ಮರುಕ್ಷಣವೇ ಮನಸ್ಸು ಅಳುಕಿತು. ಅನ್ನ, ಪಾಯಸ ಎಲ್ಲ ನನಗೆಲ್ಲಿ ಬಂತು!

ಕಾರಣ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನಾನು ತೂಕ ಇಳಿಸುವ ವ್ರತ ಹಿಡಿದಿದ್ದೆ. ಬೆಳಗ್ಗೆ ಬರೀ ಕಾಫಿ. ಮನೆಯವರಿಗೆಲ್ಲ ದೋಸೆ ಹುಯ್ದು ಕೊಟ್ಟು, "ನಂಗೆ ಹಸಿವಿಲ್ಲ" ಅನ್ನುವುದು. ಮಧ್ಯಾಹ್ನ ನಾಲ್ಕು ತುತ್ತು. ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಚಕ್ಕುಲಿ ಡಬ್ಬ ಕೆಳಗಿಳಿಯುತ್ತಿತ್ತು. ನಿಂತುಕೊಂಡೇ, ಬಾಗಿಲ ಕಡೆ ಕಣ್ಣಿಟ್ಟು ತಿನ್ನುತ್ತಿದ್ದೆ. ಎಷ್ಟು ತಿಂದೆನೆಂಬ ಲೆಕ್ಕವೂ ಇಲ್ಲ, ರುಚಿಯ ನೆನಪೂ ಇಲ್ಲ. ರಾತ್ರಿ ಪಶ್ಚಾತ್ತಾಪ, ಮರುದಿನ ಮತ್ತೆ ಬರೀ ಕಾಫಿ. ತೂಕ ಇಳಿಯಿತೇ ಅಂತೀರಾ? ಇಲ್ಲ. ಆದರೆ ಹತ್ತನೇ ತರಗತಿಯಲ್ಲಿ ಓದುವ ಮಗಳು ಒಂದು ದಿನ ತಟ್ಟೆ ಸರಿಸಿ, "ನಂಗೂ ಹಸಿವಿಲ್ಲಮ್ಮ" ಎಂದಳು. ಅದು ನನ್ನದೇ ದನಿ, ನನ್ನದೇ ಸುಳ್ಳು. ಎದೆ ಧಸಕ್ಕೆಂದಿತು.

ಚಿಕ್ಕಮಗಳೂರಿನಿಂದ ಹೊರನಾಡಿಗೆ ಸುಮಾರು 100 ಕಿಲೋಮೀಟರ್. ಬೆಳಗಿನ ಬಸ್ಸು ಹಿಡಿದೆವು. ಆಲ್ದೂರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ಕಾಫಿ ತೋಟಗಳೇ. ಕುಯ್ಲಿನ ಕಾಲವಾದ್ದರಿಂದ ಕಣಗಳಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು. ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಬಾಳೆಹೊನ್ನೂರಿನ ಹತ್ತಿರ ಅತ್ತಿಗೆ ಬುತ್ತಿ ಬಿಚ್ಚಿದರು. ಅವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಚಪಾತಿ ನನ್ನ ಮುಂದೆ ಹಿಡಿದಾಗ ಎಂದಿನಂತೆ "ಹಸಿವಿಲ್ಲ ಅತ್ತಿಗೆ" ಎಂದೆ.

"ಹಸಿವಾದಾಗ ನಾವು ತಿನ್ನದೆ ಇದ್ರೆ, ಆಮೇಲೆ ಹಸಿವೇ ನಮ್ಮನ್ನ ತಿನ್ನುತ್ತೆ ಕಣೆ" ಎಂದು ಅವರು ತಮ್ಮ ಪಾಡಿಗೆ ತಿನ್ನತೊಡಗಿದರು.

ಮಾಗುಂಡಿ ದಾಟಿ, ಕಲಶೇಶ್ವರನ ಊರಾದ ಕಳಸ ಬಂತು. ಅಲ್ಲಿಂದ ಹೊರನಾಡು ಹತ್ತಿರವೇ. ಸುತ್ತ ಹಸಿರು ಬೆಟ್ಟ, ಅಡಿಕೆ ತೋಟ, ನಡುವೆ ಅನ್ನಪೂರ್ಣೇಶ್ವರಿಯ ಗುಡಿ. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಕ್ಷೇತ್ರ ಹಳೆಯದು, ಈಗಿನ ಮೂರ್ತಿಯ ಪ್ರತಿಷ್ಠೆಯಾದದ್ದು 1973ರಲ್ಲಿ. ಹೊನ್ನಿನ ಬಣ್ಣದಲ್ಲಿ ಹೊಳೆಯುತ್ತಾ ನಿಂತ ದೇವಿಯನ್ನು ನೋಡುವಾಗ ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಜಗತ್ತೆಲ್ಲ ಮಾಯೆ, ಅನ್ನವೂ ಮಾಯೆ ಅಂದನಂತೆ ಶಿವ. ಪಾರ್ವತಿ ಮುನಿದು ಮರೆಯಾದಳು. ಭೂಮಿಯಲ್ಲಿ ಒಂದು ಕಾಳೂ ಬೆಳೆಯಲಿಲ್ಲ, ಲೋಕವೆಲ್ಲ ಹಸಿವಿನಿಂದ ಕಂಗೆಟ್ಟಿತು. ಕರುಣೆ ಹುಟ್ಟಿ ಅವಳು ಕಾಶಿಯಲ್ಲಿ ಅನ್ನ ಬಡಿಸಲು ನಿಂತಾಗ, ಶಿವನೇ ಪಾತ್ರೆ ಹಿಡಿದು ಭಿಕ್ಷೆಗೆ ಬಂದನಂತೆ. ಹಸಿವಿಲ್ಲ ಎಂದು ಶಿವನೇ ಗೆಲ್ಲಲಾಗಲಿಲ್ಲ, ಇನ್ನು ನಾನೆಷ್ಟರವಳು!

ಮಧ್ಯಾಹ್ನ ಊಟಕ್ಕೆ ಪಂಕ್ತಿಯಲ್ಲಿ ಕುಳಿತೆವು. ಇಲ್ಲಿ ಬಂದವರಿಗೆಲ್ಲ ಊಟ ಉಂಟು. ನೀವು ಯಾರು, ಯಾವೂರು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಬಿಸಿ ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ. ದಿನಾ ಬಡಿಸುವ ಕೈಗೆ ಯಾರೋ ಬಡಿಸಿದರೆ ಎಷ್ಟು ಹಿತ ನೋಡಿ! ಏಳಬೇಕಿಲ್ಲ, ಒಲೆಯ ಮೇಲಿನ ಹಾಲು ಉಕ್ಕೀತೆಂಬ ಯೋಚನೆಯಿಲ್ಲ.

ನನ್ನ ಪಕ್ಕದಲ್ಲಿ ತೋಟದ ಕೆಲಸಕ್ಕೆ ಹೋಗುವ ಹೆಂಗಸೊಬ್ಬಳು ಕೂತಿದ್ದಳು. ಮಾತಿಲ್ಲದೆ, ಮನಸ್ಸಿಟ್ಟು ಉಂಡಳು. ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಮೂರನೇ ಸಲ ಬಡಿಸುವವರು ಬಂದಾಗ ಕೈ ಅಡ್ಡ ಹಿಡಿದು, "ಸಾಕು" ಎಂದಳು. ಅತ್ತಿಗೆ ಪಾಯಸ ಬಂದಾಗ, "ಒಂದು ಚಮಚದಷ್ಟು ಹಾಕಪ್ಪ, ಸಾಕು" ಎಂದರು. ಅಷ್ಟನ್ನೇ ನಿಧಾನವಾಗಿ ಚಪ್ಪರಿಸಿದರು. ಕದ್ದು ತಿಂದದ್ದಲ್ಲ, ಆಸೆ ಕಟ್ಟಿ ಕೂತದ್ದೂ ಅಲ್ಲ.

ಆಗ ನನಗೆ ಹೊಳೆಯಿತು. ಎರಡು ವರ್ಷದಲ್ಲಿ ನಾನು ಊಟಕ್ಕೆ ಕೂತಾಗ "ಬೇಡ" ಅಂದಿದ್ದೆ, ಡಬ್ಬದ ಮುಂದೆ ನಿಂತಾಗ "ಇನ್ನೊಂದು" ಅಂದಿದ್ದೆ. "ಸಾಕು" ಎಂದು ಒಂದು ದಿನವೂ ಅಂದಿರಲಿಲ್ಲ. ತೃಪ್ತಿಯಾದವರ ಬಾಯಲ್ಲಿ ಮಾತ್ರ ಬರುವ ಮಾತು ಅದು. ಅಂದು ಪಾಯಸ ಹಾಕಿಸಿಕೊಂಡೆ, ಉಂಡೆ, ಮಜ್ಜಿಗೆ ಕುಡಿದೆ, "ಸಾಕು" ಎಂದೆ. ಬಸ್ಸಿನಲ್ಲಿ ಬರುವಾಗ ಪಶ್ಚಾತ್ತಾಪವೂ ಆಗಲಿಲ್ಲ, ಸಂಜೆ ಡಬ್ಬದ ನೆನಪೂ ಬರಲಿಲ್ಲ.

ಊರಿಗೆ ಬಂದ ಮೇಲೆ ಮಾಡಿದ್ದು ದೊಡ್ಡದೇನಲ್ಲ. ಪಾತ್ರೆಗಳನ್ನು ನಡುವೆ ಇಟ್ಟು ಎಲ್ಲರ ಜೊತೆ ನಾನೂ ಕೂರುತ್ತೇನೆ. ಬೆಳಗಿನ ತಿಂಡಿ ಬಿಡುವುದಿಲ್ಲ. ಚಕ್ಕುಲಿ ಬೇಕೆನಿಸಿದರೆ ತಟ್ಟೆಗೆ ಎರಡು ಹಾಕಿಕೊಂಡು, ಕೂತು, ನಾಲ್ಕು ಜನರೆದುರೇ ತಿನ್ನುತ್ತೇನೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕಂತೆ. ಗಬಗಬ ತಿಂದರೆ "ಸಾಕು" ಎನ್ನುವ ಹೊತ್ತಿಗೆ ಡಬ್ಬವೇ ಖಾಲಿ! ತೂಕ ಬಹಳ ಇಳಿದಿದೆಯೆಂದು ಸುಳ್ಳು ಹೇಳಲಾರೆ. ಆದರೆ ದಿನವಿಡೀ ತಲೆಯಲ್ಲಿ ತಿನ್ನುವುದೇ ಸುತ್ತುತ್ತಿದ್ದುದು ನಿಂತಿದೆ. ಸಕ್ಕರೆ, ರಕ್ತದೊತ್ತಡ ಇರುವವರು ಡಾಕ್ಟರು ಹೇಳಿದ ಅಳತೆ ಮೀರಬಾರದು, ಅದು ಬೇರೆ ಮಾತು. ಬೆಳೆಯುವ ಹುಡುಗಿ ದಿನವೂ ತಟ್ಟೆ ಸರಿಸುತ್ತಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂತು ನೀವೂ ಉಣ್ಣಿ. ಆಗಲೂ ಸರಿಹೋಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಹೊರನಾಡಿಗೆ ಹೋಗುವವರು ಮಳೆಗಾಲ ಕಳೆದ ಮೇಲೆ ಹೋದರೆ ಅನುಕೂಲ. ಮಲೆನಾಡಿನ ಮಳೆ ಗೊತ್ತಲ್ಲ!

ಮೊನ್ನೆ ಭಾನುವಾರ ಮಗಳು ಮೂರನೇ ದೋಸೆಗೆ ತಾನಾಗಿ ತಟ್ಟೆ ಒಡ್ಡಿದಳು. ನಾಲ್ಕನೆಯದಕ್ಕೆ "ಸಾಕಮ್ಮ" ಎಂದಳು. ನಾನೂ ಒತ್ತಾಯ ಮಾಡಲಿಲ್ಲ.