ಮಾರ್ತಾ ಎಂಬ ಆಟಗಾರ್ತಿ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನದಲ್ಲಿ ಪರೀಕ್ಷಾ ಫಲಿತಾಂಶಗಳೂ ಕಟ್ಟಡದ ವರ್ಣನೆಯೂ ಇರಬೇಕೆಂಬ ವಾಡಿಕೆಯುಂಟು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಇದ್ದೇ ಇವೆ. ಈ ಸಲ ನಾನು ಕಾಲ್ಚೆಂಡಾಟದಿಂದಲೇ ಜೀವನ ಸಾಗಿಸುವ ಒಬ್ಬ ಸ್ತ್ರೀಯ ಎಳೆಯ ವಯಸ್ಸಿನ ವೃತ್ತಾಂತವನ್ನು ಬರೆಯಲಿಚ್ಛಿಸುತ್ತೇನೆ. ನಾನು ಆ ಆಟವನ್ನು ಬಲ್ಲವಳಲ್ಲ. ನಾನೋದಿದ ಬೋರ್ಡಿಂಗ್ ಶಾಲೆಯಲ್ಲಿ ನಮಗಿದ್ದುದು ಟೆನಿಕಾಯ್ಟಿನ ರಬ್ಬರ್ ಬಳೆಯೂ ಥ್ರೋಬಾಲೂ ಮಾತ್ರವೇ. ಆದರೂ ಬರೆಯುವುದಕ್ಕೆ ಕಾರಣವುಂಟು. ಅದು ನನಗೆ ಗೌರವವನ್ನು ತರತಕ್ಕ ಕಾರಣವಲ್ಲ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ತಾಯಿಯೊಡನೆ ನನ್ನ ಕೋಣೆಗೆ ಬಂದಳು. ಮನೆಯ ಬಳಿಯ ಬಯಲಿನಲ್ಲಿ ಅಣ್ಣಂದಿರ ಜೊತೆ ಆಡಿ ಆಡಿ ಕಾಲ್ಚೆಂಡನ್ನು ಚೆನ್ನಾಗಿ ಕಲಿತಿದ್ದಳು. ಬೆಂಗಳೂರಿನಲ್ಲಿ ನಡೆಯಲಿದ್ದ ತರಬೇತಿಗೆ ಅವಳನ್ನು ಕರೆದಿದ್ದರು. ಹದಿನೈದು ದಿನದ ರಜೆಗೆ ನನ್ನ ರುಜು ಬೇಕಾಗಿತ್ತು.

“ನೀವು ಒಂದು ಮಾತು ಹೇಳಿದರೆ ಇವಳ ಅಪ್ಪ ಒಪ್ಪುತ್ತಾರೆ, ಮೇಡಂ,” ಎಂದರು ತಾಯಿ.

“ಮೊದಲು ಎಸ್.ಎಸ್.ಎಲ್.ಸಿ. ಮುಗಿಯಲಿ,” ಎಂದೆನು ನಾನು. ಹೆಚ್ಚು ಯೋಚಿಸಿ ಹೇಳಿದ ಮಾತಲ್ಲವದು. ನಮ್ಮ ಬಾಯಲ್ಲಿ ಯಾವಾಗಲೂ ಸಿದ್ಧವಾಗಿರುವ ಮಾತು. ಒಬ್ಬಳನ್ನು ಕಳುಹಿಸಿದರೆ ಇತರ ಪೋಷಕರು ಏನೆನ್ನುವರೋ ಎಂಬ ಅಂಜಿಕೆಯೂ ಅದರ ಹಿಂದೆ ಇತ್ತು. ಹುಡುಗಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಆಟವನ್ನು ಬಿಟ್ಟಳು.

ಕಳೆದ ವರ್ಷ ಆಕೆ ತನ್ನ ಅಕ್ಕನ ಮಗಳನ್ನು ಸೇರಿಸಲು ಶಾಲೆಗೆ ಬಂದಿದ್ದಳು. ಈಗ ಜವಳಿಯಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸ. ನಾನು ಅರ್ಜಿಯನ್ನು ನೋಡುತ್ತಿರಲು ಅವಳು ಕಿಟಕಿಯಿಂದ ಮೈದಾನವನ್ನು ನೋಡುತ್ತಿದ್ದು, “ಈಗ ಹುಡುಗಿಯರಿಗೆ ಫುಟ್‌ಬಾಲ್ ಉಂಟಾ, ಮೇಡಂ?” ಎಂದು ಕೇಳಿದಳು. ಆ ಸ್ವರದಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಆ ದಿನ ಸಂಜೆಯೇ ನಾನು ಬ್ರಜಿಲ್ ದೇಶದ ಮಾರ್ತಾಳ ವಿಷಯವಾಗಿ ಓದಲಾರಂಭಿಸಿದೆನು. ಹೆಸರೇ ನನ್ನನ್ನು ತಡೆದು ನಿಲ್ಲಿಸಿತೆನ್ನಬೇಕು. ನಮ್ಮ ಮನೆಗಳಲ್ಲಿ ಮಾರ್ತಾ ಎಂದರೆ ಅಡಿಗೆಮನೆಯ ಕೆಲಸದಲ್ಲಿ ಮುಳುಗಿರುವವಳೆಂದು ಅರ್ಥ! ಈ ಮಾರ್ತಾ 1986ರ ಫೆಬ್ರವರಿ 19ರಂದು ಅಲಾಗೋವಾಸ್ ಪ್ರಾಂತದ ದೋಯಿಸ್ ರಿಯಾಶೋಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಳು. ಅದು ಆ ದೇಶದ ಈಶಾನ್ಯದ ಮಳೆ ಕಡಿಮೆಯಾದ ಬಡ ಸೀಮೆ. ಇವಳು ಕೂಸಾಗಿದ್ದಾಗಲೇ ತಂದೆ ಮನೆಬಿಟ್ಟು ಹೋದನು. ನಾಲ್ವರು ಮಕ್ಕಳನ್ನು ತಾಯಿಯೊಬ್ಬಳೇ ದುಡಿದು ಸಾಕಿದಳು. ಚೆಂಡಿಗೆ ಹಣವಿಲ್ಲದ್ದರಿಂದ ಪ್ಲಾಸ್ಟಿಕ್ ಚೀಲಗಳನ್ನು ಸುತ್ತಿ ಉಂಡೆಮಾಡಿ, ಬರಿಗಾಲಿನಲ್ಲಿ, ಹುಡುಗರ ನಡುವೆ ಈಕೆಯೊಬ್ಬಳೇ ಆಡುತ್ತಿದ್ದಳು.

ಆ ದೇಶವೆಂದರೆ ಕಾಲ್ಚೆಂಡಿನ ತವರಲ್ಲವೇ ಎಂದು ನೀವು ಕೇಳುವಿರಿ. ಗಂಡಸರಿಗೆ ಮಾತ್ರ ಹಾಗೆ. ಸ್ತ್ರೀಪ್ರಕೃತಿಗೆ ಒಗ್ಗದ ಆಟಗಳನ್ನು ಹೆಂಗಸರು ಆಡಕೂಡದೆಂದು ಅಲ್ಲಿ 1941ರಲ್ಲಿ ಸರಕಾರವೇ ಶಾಸನಮಾಡಿತ್ತು. ಕಾಲ್ಚೆಂಡಿನ ಮೇಲಿನ ಆ ನಿಷೇಧವು 1979ರವರೆಗೆ ಉಳಿಯಿತು. ಮಾರ್ತಾ ಹುಟ್ಟುವಾಗ ಕಾನೂನು ಹೋಗಿ ಏಳು ವರ್ಷಗಳಾಗಿದ್ದವು. ಜನರ ನಾಲಿಗೆ ಮಾತ್ರ ಹೋಗಿರಲಿಲ್ಲ. ಹುಡುಗರ ಪಂದ್ಯಾವಳಿಯೊಂದರಲ್ಲಿ, ಈ ಹುಡುಗಿ ಆಡುವುದಾದರೆ ನನ್ನ ತಂಡವನ್ನು ಹಿಂದೆಗೆದುಕೊಳ್ಳುವೆನೆಂದು ಎದುರಾಳಿಗಳ ಗುರುವೊಬ್ಬನು ಹಟಹಿಡಿದನಂತೆ. ನಡೆಸುವವರು ಅವನ ಮಾತನ್ನೇ ಮನ್ನಿಸಿದರು. ಇದನ್ನೋದಿದಾಗ ನಾನು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು.

ಹದಿನಾಲ್ಕನೆಯ ವಯಸ್ಸಿನಲ್ಲಿ, ಅಂದರೆ 2000ದಲ್ಲಿ, ಆಕೆ ಬಸ್ಸು ಹತ್ತಿ ಸುಮಾರು ಮೂರು ದಿನ ಪ್ರಯಾಣಮಾಡಿ ರಿಯೋ ನಗರವನ್ನು ಸೇರಿದಳು. ವಾಸ್ಕೋ ಡ ಗಾಮ ಎಂಬ ಪ್ರಖ್ಯಾತ ಕ್ಲಬ್ಬಿನವರು ಪರೀಕ್ಷಿಸಿ ತಂಡಕ್ಕೆ ಸೇರಿಸಿಕೊಂಡರು. ನಮ್ಮಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯ ವಯಸ್ಸು ಅದು. ಕೆಲವು ವರ್ಷಗಳಲ್ಲಿ ಆ ಕ್ಲಬ್ಬು ತನ್ನ ಹೆಂಗಸರ ತಂಡವನ್ನೇ ಮುಚ್ಚಿಬಿಡಲು, ಅವಳು ಮೀನಾಸ್ ಜೆರಾಯಿಸ್ ಪ್ರಾಂತದ ಸಣ್ಣ ತಂಡವೊಂದಕ್ಕೆ ಹೋದಳು. 2003ರಲ್ಲಿ ಹದಿನೇಳರ ವಯಸ್ಸಿಗೆ ವಿಶ್ವಕಪ್ಪಿನಲ್ಲಿ ಆಡಿ ಮೂರು ಗೋಲು ಹೊಡೆದಳು.

ಅನಂತರ ಸ್ವೀಡನ್ ದೇಶದ ಊಮೆಯೋ ಎಂಬ ಊರಿನ ತಂಡದಿಂದ ದೂರವಾಣಿಯ ಕರೆ ಬಂದಿತು. ಯಾರೋ ತಮಾಷೆಮಾಡುತ್ತಿರುವರೆಂದು ಆಕೆ ಮೊದಲು ನಂಬಲಿಲ್ಲವಂತೆ. 2004ರಲ್ಲಿ, ಹದಿನೆಂಟು ತುಂಬುವ ಸಮಯದಲ್ಲಿ, ಸುಡುವ ಸೀಮೆಯ ಹುಡುಗಿ ಹಿಮದ ಸೀಮೆಗೆ ಹೊರಟಳು. ಅಲ್ಲಿಯ ಭಾಷೆಯ ಒಂದಕ್ಷರವೂ ಗೊತ್ತಿರಲಿಲ್ಲ. ಅದೇ ವರ್ಷ ಊಮೆಯೋ ತಂಡವು ಯುರೋಪಿನ ಕಪ್ಪನ್ನು ಗೆದ್ದಿತು; ಫ್ರಾಂಕ್‌ಫರ್ಟಿನವರನ್ನು ಅಂತಿಮದ ಎರಡು ಪಂದ್ಯಗಳಲ್ಲಿ ಸೇರಿ ಎಂಟು ಸೊನ್ನೆಯಿಂದ ಸೋಲಿಸಿದರು. ಅದೇ ವರ್ಷ ಅಥೆನ್ಸಿನ ಒಲಿಂಪಿಕ್ಸಿನಲ್ಲಿ ಬ್ರಜಿಲಿಗೆ ಬೆಳ್ಳಿಯ ಪದಕ. 2006ರಿಂದ 2010ರವರೆಗೆ ಎಡೆಬಿಡದೆ ಐದು ಸಲ ಜಗತ್ತಿನ ಅತ್ಯುತ್ತಮ ಆಟಗಾರ್ತಿಯೆನಿಸಿದಳು. ಮೊದಲನೆಯ ಸಲ ಆಕೆಗೆ ಇಪ್ಪತ್ತು ವರ್ಷ.

ಸೋಲುಗಳೂ ಇದ್ದವು. 2007ರ ವಿಶ್ವಕಪ್ಪಿನಲ್ಲಿ ಏಳು ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರೂ, ಜರ್ಮನಿಯೆದುರಿನ ಅಂತಿಮ ಪಂದ್ಯದಲ್ಲಿ ಅವಳ ಪೆನಾಲ್ಟಿಯನ್ನು ಗೋಲಿಯು ತಡೆದಳು. ಬ್ರಜಿಲ್ ಸೋತಿತು.

ಪೋಷಕರು ಮುಂದಿನ ಸಂಗತಿಯನ್ನು ಗಮನವಿಟ್ಟು ಓದಬೇಕೆಂದು ಬೇಡುತ್ತೇನೆ. “ಇದರಿಂದ ಹೊಟ್ಟೆ ತುಂಬುವುದೇ?” ಎಂಬ ಪ್ರಶ್ನೆ ನ್ಯಾಯವಾದದ್ದೇ. 2009ರಲ್ಲಿ ಮಾರ್ತಾ ಅಮೆರಿಕದ ಲಾಸ್ ಏಂಜಲಿಸಿನ ತಂಡಕ್ಕೆ ಸೇರಿದಳು. ಮರುವರ್ಷವೇ ಆ ತಂಡ ಮುಚ್ಚಿತು. 2010ರಲ್ಲಿ ಸೇರಿದ ಮತ್ತೊಂದು ತಂಡ ಪ್ರಶಸ್ತಿಯನ್ನು ಗೆದ್ದು, ಗೆದ್ದ ಮೇಲೆ ಮುಚ್ಚಿತು. 2012ರ ಹೊತ್ತಿಗೆ ಆ ಲೀಗೇ ನಿಂತುಹೋಯಿತು. ಸ್ವೀಡನ್ನಿಗೆ ಮರಳಿ ಸೇರಿದ ತಂಡವೂ 2014ರಲ್ಲಿ ಹಣವಿಲ್ಲದೆ ಕುಸಿಯಿತು. ಜಗತ್ತಿನಲ್ಲೇ ಶ್ರೇಷ್ಠಳಾದವಳ ಪಾಡು ಹೀಗಾದರೆ ಉಳಿದವರದೇನು? ಆದಕಾರಣ ಕಾಲ್ಚೆಂಡು ನಿಮ್ಮ ಮಗಳನ್ನು ಸಾಕುವುದೆಂದು ನಾನು ಯಾವ ತಂದೆಗೂ ಹೇಳಲಾರೆ. ಆದರೆ ನನ್ನ ಮುಂದೆ ನಿಂತಿದ್ದ ಹುಡುಗಿ ಜೀವನವೃತ್ತಿಯನ್ನು ಕೇಳಿರಲಿಲ್ಲ. ಹದಿನೈದು ದಿನಗಳನ್ನು ಕೇಳಿದ್ದಳು.

ಈ ವರ್ಷದ ಜೂನ್ ತಿಂಗಳಿನಿಂದ ನಮ್ಮ ಮೈದಾನದಲ್ಲಿ ಕಾಲ್ಚೆಂಡು ಆರಂಭವಾಗಿದೆ. ಇಪ್ಪತ್ತೆರಡು ಮಂದಿ ಹುಡುಗಿಯರು ಹೆಸರು ಕೊಟ್ಟರು. ಬಿಸಿಲಿಗೆ ಮಗಳು ಕಪ್ಪಾದರೆ ಗತಿಯೇನೆಂದು ಕೇಳಿದವರುಂಟು. ಭತ್ತ ಒಣಗಿಸಲು ಇದೇ ಬಿಸಿಲಿಗೆ ಕಳುಹಿಸುವಾಗ ಈ ಚಿಂತೆ ಬಾರದ್ದು ಸೋಜಿಗ. ಚಡ್ಡಿಯ ವಿಷಯದಲ್ಲಿ ಎದ್ದ ಆಕ್ಷೇಪವನ್ನು ಉದ್ದ ಪೈಜಾಮದಿಂದ ಪರಿಹರಿಸಿದೆವು. ಗೋಲಿನ ಕಂಬಗಳು ಇನ್ನೂ ಅಡಿಕೆಮರದವೇ.

ಅಂಗಡಿಗೆ ರಜೆಯಿದ್ದ ದಿನ ನನ್ನ ಹಳೆಯ ವಿದ್ಯಾರ್ಥಿನಿಯನ್ನು ಹೇಳಿಕಳುಹಿಸಿ ಕರೆಸಿದೆನು. ಬಹಳ ಹೊತ್ತು ಗೆರೆಯ ಹೊರಗೆ ಕೈಕಟ್ಟಿ ನಿಂತಿದ್ದಳು. ಚೆಂಡು ಅವಳ ಬಳಿಗೆ ಉರುಳಿ ಬಂದಾಗ ಚಪ್ಪಲಿಗಳನ್ನು ಕಳಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒದ್ದಳು. ಚೆಂಡು ನೆಟ್ಟಗೆ ಹೋಯಿತು. ಜಗಲಿಯಲ್ಲಿ ನಿಂತು ನೋಡುತ್ತಿದ್ದ ನಾನು, ಅಂದು ರುಜು ಹಾಕದ್ದು ನನ್ನ ತಪ್ಪೆಂದು ಆ ಸಂಜೆಯೇ ಅವಳಿಗೆ ಹೇಳಿದೆನು. “ಅಕ್ಕನ ಮಗಳು ಎಡಗಾಲಿನಲ್ಲಿ ಹೊಡೆಯುತ್ತಾಳೆ, ಮೇಡಂ. ಅದನ್ನು ತಿದ್ದಬೇಡಿ ಅಂತ ಟೀಚರಿಗೆ ಹೇಳಿ,” ಎಂದಳು. ಮಾರ್ತಾಳೂ ಎಡಗಾಲಿನವಳೇ.

ಅಭ್ಯಾಸವು ಮಂಗಳವಾರವೂ ಶುಕ್ರವಾರವೂ ಸಂಜೆ ಐದೂವರೆಗೆ ಮುಗಿಯುವುದು. ಮಕ್ಕಳನ್ನು ಕರೆದೊಯ್ಯಲು ಬರುವ ತಂದೆತಾಯಿಗಳು ಗೇಟಿನ ಹೊರಗೆ ಕಾಯಬೇಕಾಗಿಲ್ಲ. ಬಾದಾಮಿ ಮರದ ಕೆಳಗೆ ಬೆಂಚು ಹಾಕಿಸಿದ್ದೇವೆ.