ನನ್ನ ಪ್ರಶ್ನೆ 13ನೇದು

(1/3)
ಹೋದ ವಾರ ಗ್ರಾಮಸಭೆ ಬಗ್ಗೆ ಬರೆದಾಗ "ಇನ್ನು ಡೆಲ್ಲಿಗೂ ಹೋಗಿಬಿಡು" ಅಂತ ಒಬ್ರು ಕಾಮೆಂಟ್ ಹಾಕಿದ್ರಿ. ಹೋಗಿದ್ದೆ ಕಣ್ರೋ, ಫೋನಲ್ಲೇ. ಫೋಟೋದಲ್ಲಿರೋ ಹಳೇ ಪಾಸ್‌ಬುಕ್ ಕತೆ ಕೊನೇಲಿ ಹೇಳ್ತೀನಿ.

ನಾನು ಪರಿಶಿಷ್ಟ ಜಾತಿ ವಿದ್ಯಾರ್ಥಿವೇತನದಲ್ಲಿ ಓದೋ ಹುಡುಗಿ. ಅಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತಾರೆ. ಹೋದ ವರ್ಷ ಸ್ಕಾಲರ್‌ಶಿಪ್ ಬರಲೇ ಇಲ್ಲ. ಫೀಸು ಕಟ್ಟದೆ ಹಾಲ್ ಟಿಕೆಟ್ ಇಲ್ಲ ಅಂದಿದ್ರು. ನಮ್ಮ ರೂಮಿನ ಇನ್ನೊಬ್ಬಳಿಗೂ ಅದೇ ಕತೆ. ಅವಳು ಕಾಯಲಿಲ್ಲ, ಟಿ.ಸಿ. ತಗೊಂಡು ಊರಿಗೆ ಹೋದಳು.

ಆಗ ಗೊತ್ತಾಗಿದ್ದು, ಲೋಕಸಭೆಯ ವೆಬ್‌ಸೈಟಲ್ಲಿ ಆಯಾ ದಿನದ ಪ್ರಶ್ನೆಗಳ ಪಟ್ಟಿ ಮೊದಲೇ ಹಾಕಿರ್ತಾರೆ ಅಂತ. ಒಂದು ಮಂಗಳವಾರದ ಪಟ್ಟಿಯಲ್ಲಿ ನಮ್ಮ ಸ್ಕಾಲರ್‌ಶಿಪ್ ಬಗ್ಗೇನೇ ಒಂದು ಪ್ರಶ್ನೆ ಇತ್ತು. ಕೇಳಿದ್ದು ಬೇರೆ ರಾಜ್ಯದ ಸಂಸದರು. ಆದರೂ ಅದು ನನ್ನ ಪ್ರಶ್ನೆ ಅಂತಲೇ ಅನ್ನಿಸ್ತು. ಪಟ್ಟಿಯಲ್ಲಿ 13ನೇದು. ಕ್ಲಾಸಿಗೆ ಚಕ್ಕರ್ ಹಾಕಿ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತೆ.

(2/3)
ಬೆಳಿಗ್ಗೆ 11. ಲೋಕಸಭೆಯಲ್ಲಿ ಮೊದಲು ಪ್ರಶ್ನೋತ್ತರ ವೇಳೆ. ಇದರ ಲೆಕ್ಕ ಸ್ವಲ್ಪ ತಿಳ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನವು ದಿನಕ್ಕೆ 20. ಇವಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಕೇಳಿದವರು ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದವು ದಿನಕ್ಕೆ 230ರ ತನಕ. ಇವಕ್ಕೆ ಲಿಖಿತ ಉತ್ತರ ಅಷ್ಟೇ. ಸಂಸದರು ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು. ಯಾರ ಪ್ರಶ್ನೆ ಮೊದಲು ಅನ್ನೋದು ಲಾಟರಿ ಎತ್ತಿದ ಹಾಗೆ ತೀರ್ಮಾನ ಆಗುತ್ತೆ.

ಒಂದು ಗಂಟೆಯಲ್ಲಿ 20 ಪ್ರಶ್ನೆ ಮುಗಿಯೋದು ಎಲ್ಲಿಂದ ಬಂತು? ಮೊದಲನೇದಕ್ಕೇ ಇಪ್ಪತ್ತು ನಿಮಿಷ ಹೋಯ್ತು. ನಡುವೆ ಗಲಾಟೆ, ಸ್ಪೀಕರ್ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂತಲೇ ಇದ್ರು. ಐದನೇ ಪ್ರಶ್ನೆ ನಡೀತಿದ್ದಾಗ ಗಂಟೆ 12 ಆಯ್ತು. ಮುಗೀತು. 13 ಬರಲೇ ಇಲ್ಲ.

ಸಿಟ್ಟಿಗೆ ಫೋನ್ ಎಸೀಬೇಕು ಅನ್ನಿಸ್ತು. ಎಸೀಲಿಲ್ಲ, ಡಾಟಾ ಖಾಲಿ ಆಗೋವರೆಗೂ ನೋಡಿದೆ.

ಆಮೇಲೆ ವರದಿ, ಕಾಗದಪತ್ರ ಮಂಡಿಸೋದು. ಅದಾದ ಮೇಲೆ ಶೂನ್ಯವೇಳೆ. ಸದನದ ನಿಯಮಗಳಲ್ಲಿ ಆ ಹೆಸರೇ ಇಲ್ವಂತೆ, ರೂಢಿಯಿಂದ ಬಂದಿದ್ದು. ನನಗೆ ಇಷ್ಟ ಆಗಿದ್ದು ಅದೇ. ಒಬ್ಬರು ರೈಲು ನಿಲ್ದಾಣ ಕೇಳಿದ್ರು, ಇನ್ನೊಬ್ಬರು ಬೆಳೆ ಪರಿಹಾರ. ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಜನ ಮಾತಾಡೋ ವಿಷಯಗಳೇ.

ಅಲ್ಲಿ ಒಂದು ಹೆಮ್ಮೆಯ ಮಾತೂ ಇದೆ. 1967ರಲ್ಲಿ ಲೋಕಸಭೆಗೆ ಆರಿಸಿ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದವರು ಜೆ.ಎಚ್. ಪಟೇಲರು. ಊರು ಕಾರಿಗನೂರು, ಚನ್ನಗಿರಿ ತಾಲ್ಲೂಕು. ಈಗ ನಮ್ಮದೇ ಜಿಲ್ಲೆ. ಇಂಗ್ಲಿಷ್ ಬರಲ್ಲ ಅಂತ ತರಗತಿಯಲ್ಲಿ ಬಾಯಿ ಮುಚ್ಕೊಂಡು ಕೂರೋ ನಾವು ಇದನ್ನ ನೆನಪಿಟ್ಕೋಬೇಕು.

ಊಟದ ನಂತರ ಮಸೂದೆ ಚರ್ಚೆ. ಅರ್ಧಕ್ಕರ್ಧ ಬೆಂಚು ಖಾಲಿ. ಸದನ ನಡೆಯೋಕೆ ಒಟ್ಟು ಸದಸ್ಯರಲ್ಲಿ ಹತ್ತರಲ್ಲೊಂದು ಪಾಲು, ಅಂದ್ರೆ 55 ಜನ ಇದ್ರೆ ಸಾಕು. ಕೊನೆಗೆ "ಹೌದು" ಅನ್ನೋರು ಹೌದು ಅಂದ್ರು, "ಇಲ್ಲ" ಅನ್ನೋರು ಇಲ್ಲ ಅಂದ್ರು, ಧ್ವನಿಮತದಲ್ಲಿ ಕಾನೂನಿನ ಅರ್ಧ ದಾರಿ ಮುಗೀತು. ನಮ್ಮ ಹಾಜರಾತಿ 75 ಪರ್ಸೆಂಟ್ ಇರಲೇಬೇಕು ಅನ್ನೋರು ಇದನ್ನ ನೋಡಬೇಕು ಅಂದ್ಕೊಂಡೆ.

(3/3)
ಸಂಜೆ ಮೆಸ್ಸಲ್ಲಿ ಈ ಕತೆ ಹೇಳಿ ಬೈಯ್ಕೋತಿದ್ದಾಗ ನಮ್ಮ ಸೀನಿಯರ್ ಅಕ್ಕ ಒಬ್ರು ನಕ್ಕರು. "ಬಾಯಲ್ಲಿ ಹೇಳದಿದ್ರೆ ಏನಾಯ್ತೇ? ಸರದಿ ಬರದ ಪ್ರಶ್ನೆಗೂ ಲಿಖಿತ ಉತ್ತರ ಇಟ್ಟೇ ಇಡ್ತಾರೆ. ಹುಡುಕಿದ್ಯಾ?"

ಹುಡುಕಿರಲಿಲ್ಲ. ಹುಡುಕಿದೆ. ಎರಡು ಪುಟದ ಪಿಡಿಎಫ್. ಭಾಷೆ ಕಬ್ಬಿಣದ ಕಡಲೆ, ಇಬ್ಬರೂ ಕೂತು ಬಿಡಿಸಿದ್ವಿ. ನನಗೆ ಬೇಕಾದ ಎರಡು ವಿಷಯ ಅದರಲ್ಲಿತ್ತು. ಒಂದು: ಈ ಸ್ಕಾಲರ್‌ಶಿಪ್ಪಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ರಾಜ್ಯ ತನ್ನ ಪಾಲು ಕೊಟ್ಟ ಮೇಲೇ ಕೇಂದ್ರದ್ದು ಬಿಡುಗಡೆ. ಎರಡು: ದುಡ್ಡು ಹೋಗೋದು ಆಧಾರ್ ಜೋಡಣೆ ಆಗಿರೋ ಖಾತೆಗೆ.

ಎರಡನೇದು ಓದಿ ಎದೆ ಝಲ್ ಅಂತು. ನಾನು ದಿನಾ ನೋಡ್ತಿದ್ದಿದ್ದು ಪಿಯುಸಿಯಲ್ಲಿ ಮಾಡಿಸಿದ ಖಾತೆ. ಆಧಾರ್ ಜೋಡಣೆ ಆಗಿದ್ದು ಹೈಸ್ಕೂಲಲ್ಲಿದ್ದಾಗ ಊರಲ್ಲಿ ಮಾಡಿಸಿದ ಖಾತೆಗೆ. ಅಜ್ಜಿಗೆ ಫೋನ್ ಮಾಡಿದೆ. ಟ್ರಂಕಲ್ಲಿ ಮದುವೆ ಸೀರೆ ಕೆಳಗೆ ಪಾಸ್‌ಬುಕ್ ಇತ್ತು. ಎಂಟ್ರಿ ಹಾಕಿಸಿದಾಗ ರಾಜ್ಯದ ಪಾಲು ಬಂದು ಮೂರು ತಿಂಗಳಾಗಿತ್ತು.

ಕೇಂದ್ರದ್ದು ಇನ್ನೂ ಬಂದಿರಲಿಲ್ಲ. ಬಂದಿದ್ದರಲ್ಲಿ ಅರ್ಧ ಫೀಸು ಕಟ್ಟಿ, ಉಳಿದಿದ್ದಕ್ಕೆ ಆ ಪಿಡಿಎಫ್ ಪ್ರಿಂಟ್ ತೋರಿಸಿ ಕಾಲಾವಕಾಶ ಕೇಳಿದೆ. ಕೊಟ್ಟರು. ಪರೀಕ್ಷೆ ಬರೆದೆ.

ಆ ರಾತ್ರಿಯೇ ರೂಮಿನ ಗೆಳತಿಗೂ ಫೋನ್ ಮಾಡಿದ್ದೆ. ಅವಳದ್ದೂ ಹಳೇ ಖಾತೆಗೇ ಬಂದಿತ್ತು. ಅಷ್ಟೊತ್ತಿಗೆ ಗಾರ್ಮೆಂಟ್ಸಿಗೆ ಸೇರಿ ಆಗಿತ್ತು. "ಮೊದಲೇ ಹೇಳಬಾರದಿತ್ತಾ?" ಅಂದಳು. ಬೈದು ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ನನ್ನ ಹತ್ರ ಉತ್ತರ ಇರಲಿಲ್ಲ.

ಅದಕ್ಕೇ ಇದನ್ನ ಬರೀತಿರೋದು. ಪಾರ್ಲಿಮೆಂಟ್ ಅಂದ್ರೆ ರೀಲ್ಸಲ್ಲಿ ಬರೋ ಗಲಾಟೆ ಅಂತ ನಾನೂ ಅಂದ್ಕೊಂಡಿದ್ದೆ. ಗಲಾಟೆ ಇದೆ, ಸುಳ್ಳಲ್ಲ. ಆದರೆ ಅದೇ ದಿನ ಇನ್ನೂರಕ್ಕೂ ಹೆಚ್ಚು ಪ್ರಶ್ನೆಗೆ ಸರ್ಕಾರ ಬರೆದು ಉತ್ತರ ಕೊಟ್ಟಿರುತ್ತೆ. ಅದರಲ್ಲಿ ಒಂದು ನಿಮ್ಮ ಮನೆಯದ್ದೇ ಇರಬಹುದು.

ಇವತ್ತು ಮಾಡೋದು ಇಷ್ಟು: ಆಧಾರ್ ವೆಬ್‌ಸೈಟಲ್ಲಿ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಿ. ದುಡ್ಡು ಅಲ್ಲೂ ಇಲ್ದಿದ್ರೆ, ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮ ಸಂಸದರಿಗೆ ಕಾಗದ ಬರೀರಿ. ನೋಟಿಸಿಗೇ 15 ದಿನ ಬೇಕು, ನೆನಪಿರಲಿ. ಕನ್ನಡದಲ್ಲೇ ಬರೀರಿ.

ನಾನು ಬರೆದಿದ್ದೀನಿ. ಇಬ್ಬರ ಹೆಸರಲ್ಲಿ.

ಯಾರದ್ದಾದ್ರೂ ಹಳೇ ಖಾತೆಯಲ್ಲಿ ದುಡ್ಡು ಸಿಕ್ಕಿದ್ರೆ ಕಾಮೆಂಟಲ್ಲಿ ಹೇಳಿ. ಟಿ.ಸಿ. ತಗೊಳ್ಳೋ ಯೋಚನೆಯಲ್ಲಿರೋರಿಗೆ ಮೊದಲು ಇದನ್ನ ಕಳಿಸಿ.

#ಲೋಕಸಭೆ #ಸ್ಕಾಲರ್‌ಶಿಪ್ #ದಾವಣಗೆರೆ #ಹಾಸ್ಟೆಲ್‌ಮೆಟ್ಟಿಲು