ದೆವ್ವ ಬರಲಿಲ್ಲ, ನಿದ್ದೆ ಬಂತು!

ದೆವ್ವದ ಚಿತ್ರ ತೆಗೆಯಲು ಕೋಟಿ ಕೋಟಿ ರೊಕ್ಕ ಬೇಕೇ? ಖಂಡಿತ ಬೇಡ ಸ್ವಾಮಿ! ರಾಮ್ಸೆ ಸಹೋದರರನ್ನೇ ನೋಡಿ. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಲ್ಲಿ ದೊಡ್ಡ ತಾರೆಯರಿಲ್ಲ. ಒಬ್ಬ ಅಣ್ಣ ಕಥೆಗೆ, ಒಬ್ಬ ಕ್ಯಾಮೆರಾಕ್ಕೆ, ಇನ್ನೊಬ್ಬ ಧ್ವನಿಗೆ. ಮನೆಮಂದಿಯೇ ಯುನಿಟ್ಟು! ಅಮೆರಿಕದಲ್ಲಿ ಸ್ಯಾಮ್ ರೈಮಿ ಎಂಬ ಇಪ್ಪತ್ತರ ಹರೆಯದ ಹುಡುಗ 1981ರ ‘ಈವಿಲ್ ಡೆಡ್’ಗೆ ಏನು ಮಾಡಿದ? ಕಟ್ಟಿಗೆ ಹಲಗೆಗೆ ಕ್ಯಾಮೆರಾ ಬಿಗಿದು, ಎರಡೂ ತುದಿ ಹಿಡಿದು ಕಾಡಿನಲ್ಲಿ ಓಡಿಸಿದ. ತೆರೆಯ ಮೇಲೆ ಕಾಣದ ಪೀಡೆಯೊಂದು ನಮ್ಮತ್ತಲೇ ನುಗ್ಗಿ ಬಂತು!

ಇಂಥ ಆಸೆಯಿಂದಲೇ ಮೊನ್ನೆ ಹಲಸಂಗಿಯಿಂದ ಬಸ್ ಹತ್ತಿ, ದೋಸ್ತನ ಜೊತೆ ಹೊಸಬರ ಕನ್ನಡ ಚಿತ್ರವೊಂದಕ್ಕೆ ಹೋದೆ. ಹೆಸರು ಬೇಡ. ಹಾಳು ಬಂಗಲೆ, ಐವರು ಗೆಳೆಯರು, ಬಿಳಿ ಸೀರೆ. ಇರಲಿ, ಹಳೇ ಸಾಮಾನಿನಲ್ಲೂ ರುಚಿಯಾದ ಅಡಿಗೆ ಆಗ್ತದೆ. ಆದರೆ ಅರ್ಧ ಗಂಟೆ ಬರೀ ಕಾರಿನ ಪ್ರಯಾಣ! ಬೆಕ್ಕು ಹಾರಿದರೂ ‘ಧಡಾರ್’, ಬಾಗಿಲು ತೆರೆದರೂ ‘ಧಡಾರ್’, ಚಹಾ ಕಪ್ಪು ಇಟ್ಟರೂ ‘ಧಡಾರ್’! ದೆವ್ವವೋ ಮೊದಲ ಸಲವೇ ಪೌಡರ್ ಬಳಿದ ಮುಖ ಪೂರ್ತಿ ತೋರಿಸಿಬಿಟ್ಟಿತು. ಇನ್ನು ಅಂಜೋದು ಯಾತಕ್ಕ? ದೋಸ್ತ ಕುರ್ಚಿಗೆ ಒರಗಿ, “ಲೇ, ದೆವ್ವ ಬಂದ್ರ ನನ್ನ ಎಬ್ಬಸು” ಅಂದ. ಬಂತು, ಹೋಯಿತು, ನಾನು ಎಬ್ಬಿಸಲಿಲ್ಲ.

ಇಲ್ಲಿ ಕಮ್ಮಿಯಾದದ್ದು ರೊಕ್ಕವಲ್ಲ, ತಾಳ್ಮೆ. 1979ರ ‘ನಾ ನಿನ್ನ ಬಿಡಲಾರೆ’ ನೆನೆಸಿಕೊಳ್ಳಿ. ಅನಂತನಾಗ್–ಲಕ್ಷ್ಮಿ ಸಂಸಾರ ನಮ್ಮ ನೆರೆಮನೆಯ ಸಂಸಾರವೆನಿಸುತ್ತದೆ. ಅದಕ್ಕೇ ಅಲ್ಲಿ ಪೀಡೆ ಹೊಕ್ಕಾಗ ನಮ್ಮೆದೆ ನಡುಗುತ್ತದೆ. 2013ರ ‘6-5=2’ನಲ್ಲಿ ಇದ್ದದ್ದು ಹೊಸ ಮುಖಗಳು, ಒಂದು ಕಾಡು, ಕೈಯಲ್ಲಿ ಹಿಡಿದ ಕ್ಯಾಮೆರಾ. ಅಷ್ಟರಲ್ಲೇ ಜನರನ್ನು ಹಿಡಿದು ಕೂರಿಸಿತು.

ನಮ್ಮೂರಿಗಂತೂ ಈ ವಿದ್ಯೆ ಹೊಸದಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಹಳ್ಳಿ ಹೆಣ್ಣುಮಕ್ಕಳ ಬಾಯಿಂದ ಹಾಡು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಆ ತಾಯಂದಿರಿಗೆ ಯಾವ ಸೆಟ್ಟಿತ್ತು? ಯಾವ ಲೈಟಿತ್ತು? ಬರೀ ದನಿ! ನಮ್ಮ ಮುತ್ಯಾ ಹಾಳಬಾವಿಯ ದೆವ್ವದ ಕಥೆ ಹೇಳುವಾಗ, “ಹಿಂದ ಹೊಳ್ಳಿ ನೋಡ್ತಾನ...” ಅಂದು ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ. ಆ ಬೀಡಿ ಹೊತ್ತುವ ತನಕ ನಮ್ಮ ಉಸಿರು ನಿಂತಿರುತ್ತಿತ್ತು. ಅದೇ ನೋಡಿ ನಿರ್ದೇಶನ!

ಟಿಕೇಟಿನ ದುಡ್ಡು ಹೋದದ್ದಕ್ಕೆ ನನಗೆ ದುಃಖವಿಲ್ಲ. ಇಂಥ ಚಿತ್ರ ಬಿದ್ದಾಗ “ಕನ್ನಡದಲ್ಲಿ ದೆವ್ವ ಓಡೋದಿಲ್ಲ” ಎಂಬ ಮಾತು ಹುಟ್ಟುತ್ತದೆ. ನಾಳೆ ಒಳ್ಳೆ ಕಥೆ ಹಿಡಿದು ಬರುವ ಹಳ್ಳಿ ಹುಡುಗನಿಗೆ ನಿರ್ಮಾಪಕರು ಬಾಗಿಲು ಹಾಕುತ್ತಾರೆ. ಕಡಿಮೆ ಖರ್ಚಿನ ದೆವ್ವದ ಚಿತ್ರವೆಂದರೆ ಬಡವನ ಮಗನಿಗೆ ಗಾಂಧಿನಗರದೊಳಗೆ ಕಾಲಿಡುವ ಒಂದು ಕಿಟಕಿ. ಅದನ್ನು ಮುಚ್ಚಬೇಡಿರಪ್ಪೋ! ಅಂಜಲಿಕ್ಕೆ ನಾವು ತಯಾರಿದ್ದೇವೆ, ಅಂಜಿಸುವವರು ಬರಲಿ.